ಸಿಳ್ಳಾರಕ್ಕೆ ಸಾವಿರ ಕಿವಿ, ಸರ್ಪಗಂಧಕ್ಕೆ?

ಹಕ್ಕಿಗೂ ಗಿಡಕ್ಕೂ ಎಲ್ಲಿಯ ಹೋಲಿಕೆ ಮಾರಾಯ, ಅಂತ ನೀವು ಕೇಳ್ತೀರಿ ಅಂತ ಗೊತ್ತು. ಆದ್ರೂ ಹೋಲಿಸಲೇಬೇಕು ಅನ್ನಿಸ್ತಾ ಇದೆ. ಇಬ್ಬರೂ ನಮ್ಮ ಪಶ್ಚಿಮ ಘಟ್ಟದ ನಿವಾಸಿಗಳೇ. ಇಬ್ಬರಿಗೂ ಅದೇ ಮಳೆ, ಅದೇ ನೆರಳು. ಒಬ್ಬನ ಹೆಸರು ಸಿಳ್ಳಾರ. ಪೂರ್ತಿ ಹೆಸರು ಹೇಳಬೇಕೆಂದರೆ ಮಲಬಾರ್ ವಿಸ್ಲಿಂಗ್ ಥ್ರಷ್. ಇನ್ನೊಬ್ಬಳ ಹೆಸರು ಸರ್ಪಗಂಧ, ಕೆಲವರ ಬಾಯಲ್ಲಿ ಸೂತ್ರನಾಭಿ. ಹಕ್ಕಿ ಇವತ್ತಿಗೂ ಸಾಮಾನ್ಯ. ಗಿಡ ಮಾತ್ರ ಅಳಿವಿನ ಅಂಚಿಗೆ ಬಂದು ನಿಂತಿದೆ. ಯಾಕೆ ಹೀಗೆ ಅನ್ನೋದೇ ಇವತ್ತಿನ ಬರಹದ ವಿಷಯ.

ಮೊದಲು ಹಕ್ಕಿಯ ಪರಿಚಯ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಒಂದು ರಾತ್ರಿ ಕಳೆದವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಇನ್ನೂ ಬೆಳಕು ಹರಿದಿರುವುದಿಲ್ಲ, ಹಳ್ಳದ ಕಡೆಯಿಂದ ಯಾರೋ ಸಿಳ್ಳೆ ಹಾಕ್ತಾ ಇದ್ದಾರೆ ಅನ್ನಿಸುತ್ತೆ. ಸ್ಕೂಲಿಗೆ ಚಕ್ಕರ್ ಹೊಡೆದ ಸೋಮಾರಿ ಹುಡುಗನೊಬ್ಬ ಹಾಡು ಮರೆತು, ನೆನಪಾದಷ್ಟನ್ನೇ ಮತ್ತೆ ಮತ್ತೆ ಊದಿದ ಹಾಗೆ. ಬ್ರಿಟಿಷರೂ ಇದಕ್ಕೆ ‘ಸಿಳ್ಳೆ ಹೊಡೆಯುವ ಶಾಲಾ ಹುಡುಗ’ ಅಂತಲೇ ಅಡ್ಡಹೆಸರು ಇಟ್ಟಿದ್ದರು. ಸುಮಾರು 25 ಸೆಂಟಿಮೀಟರ್ ಉದ್ದ, ಕಡುನೀಲಿ ಮಿಶ್ರಿತ ಕಪ್ಪು ಮೈ, ಹಣೆ ಮತ್ತು ಭುಜದ ಮೇಲೆ ಮಿಂಚುವ ನೀಲಿ. ಹಳ್ಳದ ಕಲ್ಲುಗಳ ಮೇಲೆ ಕುಪ್ಪಳಿಸುತ್ತಾ ಹುಳ, ಏಡಿ, ಸಣ್ಣ ಕಪ್ಪೆ ಹಿಡಿಯುತ್ತೆ. ಹಣ್ಣು ಸಿಕ್ಕಿದರೆ ಅದೂ ನಡೆಯುತ್ತೆ. ಕಾಡಿನ ಝರಿ ಪಕ್ಕದ ಬಂಡೆ ಸಂದಿಯಲ್ಲಿ ಗೂಡು ಕಟ್ಟುತ್ತೆ, ಆದರೆ ಕಾಫಿ ತೋಟದ ಹಳ್ಳವಾದರೂ ತಕರಾರಿಲ್ಲ. ಐಯುಸಿಎನ್ ಪಟ್ಟಿಯಲ್ಲಿ ಇದು ‘ಸದ್ಯಕ್ಕೆ ಚಿಂತೆ ಇಲ್ಲ’ ಅನ್ನೋ ಗುಂಪಿಗೆ ಸೇರಿದ ಹಕ್ಕಿ.

ಇನ್ನು ಗಿಡ. ಸರ್ಪಗಂಧವನ್ನು ನೀವು ನೋಡಿರಬಹುದು, ಆದರೆ ಗಮನಿಸಿರುವ ಸಾಧ್ಯತೆ ಕಡಿಮೆ. ಮೊಣಕಾಲೆತ್ತರದ, ಹೆಚ್ಚೆಂದರೆ ಸೊಂಟದೆತ್ತರದ ಪೊದೆ. ಒಂದೊಂದು ಗೆಣ್ಣಿನಲ್ಲೂ ಮೂರು ಮೂರು ಎಲೆ ಸುತ್ತಿಕೊಂಡಿರುತ್ತವೆ. ತುದಿಯಲ್ಲಿ ಗೊಂಚಲು ಹೂ. ಎಸಳು ಬಿಳಿ, ನಸುಗೆಂಪು ಛಾಯೆ, ಹೂವಿನ ತೊಟ್ಟು ಮಾತ್ರ ಕೆಂಪು. ಹತ್ತಿರ ಹೋಗಿ ಬಗ್ಗಿ ನೋಡಿದರೆ ನಿಜಕ್ಕೂ ಚೆಂದ. ಕಾಯಿ ಹಣ್ಣಾದಾಗ ನೇರಳೆಗಪ್ಪು ಮಣಿಯ ಹಾಗೆ ಹೊಳೆಯುತ್ತೆ. ಕಣಗಿಲೆ, ನಿತ್ಯಪುಷ್ಪ, ದೇವಕಣಗಿಲೆ ಎಲ್ಲಾ ಇದರ ನೆಂಟರು, ಒಂದೇ ಕುಟುಂಬ. ಆ ನೆಂಟರೆಲ್ಲಾ ನಮ್ಮ ಮನೆ ಅಂಗಳ, ದೇವಸ್ಥಾನದ ಪ್ರಾಕಾರದಲ್ಲಿ ಆರಾಮಾಗಿದ್ದಾರೆ. ಇವಳೊಬ್ಬಳೇ ಕಾಡಿನಲ್ಲಿ ಉಳಿದು ಕಷ್ಟಕ್ಕೆ ಸಿಕ್ಕಿಕೊಂಡಳು.

ಹೆಸರಿನ ವಿಷಯದಲ್ಲಿ ಇಬ್ಬರಿಗೂ ಒಂದೇ ಗತಿ. ಗಿಡದ ವೈಜ್ಞಾನಿಕ ಹೆಸರು ರೌವೊಲ್ಫಿಯಾ ಸರ್ಪೆಂಟಿನಾ. ಹದಿನಾರನೇ ಶತಮಾನದ ಜರ್ಮನ್ ವೈದ್ಯ ಲಿಯೊನಾರ್ಡ್ ರೌವೊಲ್ಫ್ ನೆನಪಿಗೆ ಇಟ್ಟದ್ದು. ಆ ಮನುಷ್ಯ ಗಿಡಮೂಲಿಕೆ ಹುಡುಕಿಕೊಂಡು ತಿರುಗಿದ್ದು ಸಿರಿಯಾ, ಇರಾಕ್ ಕಡೆ, ನಮ್ಮ ಕಡೆ ಬಂದವನೇ ಅಲ್ಲ. ಹಕ್ಕಿಯ ಹೆಸರಿನಲ್ಲಿರುವ ಹಾರ್ಸ್‌ಫೀಲ್ಡ್ ಜಾವಾದಲ್ಲಿ ಕೆಲಸ ಮಾಡಿದ ಅಮೆರಿಕನ್. ಹೆಸರು ಇಡಿಸಿಕೊಳ್ಳುವುದರಲ್ಲಿ ಇಬ್ಬರೂ ಸಮಾನ ದುಃಖಿಗಳು ಅನ್ನಿ :)

ಈಗ ವಿಷಯಕ್ಕೆ ಬರೋಣ. ಒಬ್ಬ ಸಾಮಾನ್ಯ, ಇನ್ನೊಬ್ಬಳು ಅಪರೂಪ ಯಾಕೆ? ಯಾರನ್ನಾದರೂ ಕೇಳಿ ನೋಡಿ, ಥಟ್ಟನೆ ಬರುವ ಉತ್ತರ: "ಹಕ್ಕಿಗೆ ರೆಕ್ಕೆ ಇದೆ, ಹಾರಿ ಹೋಗುತ್ತೆ. ಗಿಡ ಎಲ್ಲಿಗೆ ಓಡುತ್ತೆ ಪಾಪ." ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಲಂಟಾನ? ಅದೂ ಹೂ ಬಿಡುವ ಪೊದೆಯೇ, ಅದಕ್ಕೂ ಕಾಲಿಲ್ಲ. ಅಮೆರಿಕ ಖಂಡದಿಂದ ಅಲಂಕಾರಕ್ಕೆ ಅಂತ ತಂದ ಗಿಡ ಇವತ್ತು ಬಿಳಿಗಿರಿರಂಗನ ಬೆಟ್ಟದಲ್ಲಿ, ಬಂಡೀಪುರದಲ್ಲಿ ಕಾಲಿಡಲು ಜಾಗ ಬಿಟ್ಟಿಲ್ಲ. ಇಲಾಖೆಯವರು ಕಿತ್ತಷ್ಟೂ ಬರುತ್ತೆ. ಹಾಗಾಗಿ ನಿಂತಲ್ಲೇ ನಿಲ್ಲುವುದೇ ಸರ್ಪಗಂಧದ ಶಾಪ ಅನ್ನೋಕಾಗಲ್ಲ.

ಕಾಡು ಕಡಿಮೆಯಾಯಿತು ಅನ್ನೋದು ಇನ್ನೊಂದು ಉತ್ತರ. ಅದು ನಿಜ. ಆದರೆ ಕಾಡು ಕಡಿಮೆಯಾದದ್ದು ಇಬ್ಬರಿಗೂ ತಾನೆ? ಸಿಳ್ಳಾರ ತೋಟಕ್ಕೆ ಹೊಂದಿಕೊಂಡಿತು, ಸರಿ. ಹಾಗಾದರೆ ಕಾಡು ಕಾಡಾಗಿಯೇ ಉಳಿದಿರುವ ಕಡೆಯಲ್ಲೂ ಸರ್ಪಗಂಧ ಯಾಕೆ ವಿರಳ?

ನನಗೆ ತೋಚುವ ಉತ್ತರ ಬೇರೆ. ಅದು ಇಬ್ಬರ ಸಂಪತ್ತು ಎಲ್ಲಿದೆ ಅನ್ನೋದಕ್ಕೆ ಸಂಬಂಧಿಸಿದ್ದು. ಸಿಳ್ಳಾರದ ಸಂಪತ್ತು ಗಂಟಲಲ್ಲಿದೆ. ಸರ್ಪಗಂಧದ್ದು ಬೇರಿನಲ್ಲಿದೆ.

ಆ ಬೇರಿನ ಕತೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ನಮ್ಮ ಸಾಫ್ಟ್‌ವೇರ್ ಮಂದಿಗೂ ಇದಕ್ಕೂ ಗೊತ್ತಿಲ್ಲದ ಒಂದು ನಂಟಿದೆ. ಹಾವಿನ ಕಡಿತಕ್ಕೆ, ನಿದ್ದೆ ಬಾರದವರಿಗೆ, ಬುದ್ಧಿ ಕೆಟ್ಟವರಿಗೆ ಅಂತ ನಮ್ಮ ಹಳ್ಳಿಗಳಲ್ಲಿ ಈ ಬೇರನ್ನು ಬಹಳ ಹಿಂದಿನಿಂದ ಕೊಡುತ್ತಿದ್ದರು. 1931ರಲ್ಲಿ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ಸಂಗಡಿಗರು ಇದರಿಂದ ಅಜ್ಮಲಿನ್ ಅನ್ನೋ ರಾಸಾಯನಿಕವನ್ನು ಬೇರ್ಪಡಿಸಿದರು. ಹೆಸರು ಹಕೀಂ ಅಜ್ಮಲ್ ಖಾನರ ಗೌರವಕ್ಕೆ. ಅದೇ ವರ್ಷ ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್, ರಕ್ತದೊತ್ತಡಕ್ಕೂ ಉನ್ಮಾದಕ್ಕೂ ಈ ಬೇರು ಕೆಲಸ ಮಾಡುತ್ತೆ ಅಂತ ಬರೆದರು. ಹೊರಗಿನವರು ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಅನುಭವವನ್ನು ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದರು. ಆಗ ಜಗತ್ತು ಎಚ್ಚೆತ್ತಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರಿಸರ್ಪೀನ್ ತೆಗೆದರು. ಬಿ.ಪಿ.ಗೆ ಸರಿಯಾದ ಮಾತ್ರೆಯೇ ಇಲ್ಲದ ಕಾಲ ಅದು. ಬೇಡಿಕೆ ಹೇಗೆ ಏರಿರಬೇಕು ಅಂತ ನೀವೇ ಊಹಿಸಿ.

ನಂಟಿನ ವಿಷಯ ಈಗ ಬಂತು. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಈಗ ಎಲ್ಲರ ಬಾಯಲ್ಲೂ ಡೋಪಮಿನ್. ಮೊಬೈಲ್ ನೋಟಿಫಿಕೇಶನ್ ಬಂದರೆ ಡೋಪಮಿನ್, ಲೈಕ್ ಬಿದ್ದರೆ ಡೋಪಮಿನ್. ಈ ಡೋಪಮಿನ್ ಮಿದುಳಿನಲ್ಲಿ ತನ್ನದೇ ಆದ ಕೆಲಸ ಮಾಡುತ್ತೆ ಅಂತ ತೋರಿಸಿದ್ದು ಸ್ವೀಡನ್ನಿನ ಅರ್ವಿದ್ ಕಾರ್ಲ್ಸನ್. 1957ರ ಸುಮಾರಿಗೆ ಅವರು ಮೊಲಗಳಿಗೆ ರಿಸರ್ಪೀನ್ ಕೊಟ್ಟರು. ಮೊಲಗಳು ಅಲ್ಲಾಡದೆ ಕಲ್ಲಿನ ಹಾಗೆ ಕೂತುಬಿಟ್ಟವು. ಆಮೇಲೆ ಎಲ್-ಡೋಪಾ ಕೊಟ್ಟಾಗ ಎದ್ದು ಓಡಾಡಿದವು. ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಗೆ ದಾರಿ ತೋರಿದ ಪ್ರಯೋಗ ಅದು. 2000ದಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಕಾಡಿನ ಮೊಣಕಾಲೆತ್ತರದ ಗಿಡದ ಬೇರಿನಿಂದ ಸಿಕ್ಕ ವಸ್ತು ಇಲ್ಲದಿದ್ದರೆ ಆ ಮೊಲಗಳು ಕಲ್ಲಾಗುತ್ತಿರಲಿಲ್ಲ.

ಇಷ್ಟೆಲ್ಲಾ ಉಪಕಾರ ಮಾಡಿದ ಗಿಡಕ್ಕೆ ಸಿಕ್ಕ ಬಹುಮಾನ ಏನು? ಗುದ್ದಲಿ.

ಎಲೆ ಬೇಕಾಗಿದ್ದರೆ ಕಿತ್ತುಕೊಂಡು ಗಿಡ ಬಿಡಬಹುದಿತ್ತು. ಹಣ್ಣು ಬೇಕಾಗಿದ್ದರೆ ಮುಂದಿನ ವರ್ಷ ಮತ್ತೆ ಬಿಡುತ್ತಿತ್ತು. ಆದರೆ ಔಷಧಿ ಇರುವುದು ಬೇರಿನಲ್ಲಿ, ಅದರಲ್ಲೂ ಹೆಚ್ಚಿನ ಪಾಲು ಬೇರಿನ ಸಿಪ್ಪೆಯಲ್ಲಿ. ಬೇರು ಕೊಯ್ಲಿಗೆ ಬರೋಕೆ ಎರಡು-ಮೂರು ವರ್ಷ ಬೇಕು. ಅಗೆಯೋಕೆ ಎರಡು ನಿಮಿಷ ಸಾಕು. ಬೀಜಗಳೂ ಸುಲಭವಾಗಿ ಮೊಳೆಯುವಂಥವಲ್ಲ, ಗಟ್ಟಿ ಓಟೆಯೊಳಗೆ ಕೂತ ಬೀಜದಲ್ಲಿ ಹುಟ್ಟುವುದು ಕೆಲವೇ ಕೆಲವು. ಹೂ ಬಿಟ್ಟು ಬೀಜ ಉದುರಿಸುವ ಮೊದಲೇ ತಾಯಿಯನ್ನು ಕಿತ್ತರೆ ಆ ಜಾಗದಲ್ಲಿ ಮುಂದಿನ ತಲೆಮಾರು ಬರುವುದು ಎಲ್ಲಿಂದ?

ನಮ್ಮ ಭಾಷೆಯಲ್ಲಿ ಹೇಳ್ತೀನಿ, ಬೈಕೋಬೇಡಿ. ಸಿಳ್ಳಾರದ್ದು ‘ರೀಡ್’ ಆಪರೇಶನ್. ಸಾವಿರ ಜನ ಕೇಳಿಸಿಕೊಂಡರೂ ಹಾಡು ಅಲ್ಲೇ ಇರುತ್ತೆ, ಒಂದಕ್ಷರ ಸವೆಯಲ್ಲ. ಸರ್ಪಗಂಧದ್ದು ‘ಕಟ್ ಅಂಡ್ ಪೇಸ್ಟ್’. ಒಬ್ಬ ತಗೊಂಡರೆ ಇನ್ನೊಬ್ಬನಿಗಿಲ್ಲ, ಕಾಡಿಗಂತೂ ಇಲ್ಲವೇ ಇಲ್ಲ.

"ಲ್ಯಾಬಿನಲ್ಲೇ ಮಾಡಿಕೊಳ್ಳಬಹುದಲ್ವಾ?" ಅಂತ ಇಂಜಿನಿಯರ್ ಮಿತ್ರರು ಕೇಳ್ತಾರೆ. ಮಾಡಿದರು. 1956ರಲ್ಲಿ ರಾಬರ್ಟ್ ಬರ್ನ್ಸ್ ವುಡ್‌ವರ್ಡ್ ತಂಡ ರಿಸರ್ಪೀನನ್ನು ಪ್ರಯೋಗಾಲಯದಲ್ಲಿ ಹಂತ ಹಂತವಾಗಿ ಕಟ್ಟಿ ತೋರಿಸಿತು. ರಸಾಯನಶಾಸ್ತ್ರದ ದೊಡ್ಡ ಸಾಧನೆಗಳಲ್ಲಿ ಅದೂ ಒಂದು. ಆದರೆ ಹಂತಗಳು ಅಷ್ಟೊಂದಿದ್ದಾಗ ವ್ಯಾಪಾರಕ್ಕೆ ಬೇರೇ ಅಗ್ಗ. ಭಾರತ ಬೇರಿನ ರಫ್ತಿಗೆ ಕಡಿವಾಣ ಹಾಕಿದಾಗ ಕಂಪನಿಗಳು ಆಫ್ರಿಕಾದಲ್ಲಿರುವ ಇದರ ಸೋದರಿ ರೌವೊಲ್ಫಿಯಾ ವೊಮಿಟೋರಿಯಾ ಕಡೆ ತಿರುಗಿದವು. ಬೇರೆ ಖಂಡ, ಬೇರೆ ಗಿಡ, ಅದೇ ಗುದ್ದಲಿ. ಈಗ ಬಿ.ಪಿ.ಗೆ ಇನ್ನೂ ಒಳ್ಳೆಯ ಮಾತ್ರೆಗಳು ಬಂದಿವೆ, ರಿಸರ್ಪೀನ್ ಬಳಕೆ ಬಹಳ ಇಳಿದಿದೆ. ಆದರೆ ಗಿಡಮೂಲಿಕೆ ಮಾರುಕಟ್ಟೆಯಲ್ಲಿ ಸರ್ಪಗಂಧದ ಬೇರಿಗೆ ಬೇಡಿಕೆ ನಿಂತಿಲ್ಲ.

ಇಲ್ಲಿಗೆ ಓದಿ ‘ಹಾಗಾದ್ರೆ ಹಾಡೋ ಹಕ್ಕಿಗಳೆಲ್ಲಾ ಸೇಫ್’ ಅಂತ ಅಂದುಕೊಂಡರೆ ಅದೂ ಸರಿಯಲ್ಲ. ಆಗ್ನೇಯ ಏಷ್ಯಾದಲ್ಲಿ ಸ್ಟ್ರಾ-ಹೆಡೆಡ್ ಬುಲ್‌ಬುಲ್ ಅಂತ ಒಂದು ಹಕ್ಕಿ ಇದೆ, ನಮ್ಮ ಪಿಕಳಾರಗಳ ದಾಯಾದಿ. ಹೊಳೆ ಬದಿಯ ಕಾಡುಗಳಲ್ಲಿ ಒಂದು ಕಾಲಕ್ಕೆ ಮಾಮೂಲಾಗಿತ್ತು. ಹಾಡು ಅದ್ಭುತ. ಅಲ್ಲಿನ ಜನ ಆ ಹಾಡನ್ನು ಕಾಡಿಗೆ ಹೋಗಿ ಕೇಳಲಿಲ್ಲ, ಪಂಜರದಲ್ಲಿಟ್ಟು ಮನೆಗೆ ತಂದರು. ಹಕ್ಕಿಗಳ ಹಾಡಿನ ಸ್ಪರ್ಧೆ, ಬಹುಮಾನ, ಮಾರುಕಟ್ಟೆ ಎಲ್ಲಾ ಬೆಳೆಯಿತು. ಥಾಯ್ಲೆಂಡಿನ ಕಾಡುಗಳಿಂದ ಅದು ಮಾಯವಾಯಿತು. 2018ರಲ್ಲಿ ಐಯುಸಿಎನ್ ಅದನ್ನು ‘ತೀವ್ರ ಅಪಾಯದಲ್ಲಿದೆ’ ಅನ್ನೋ ಪಟ್ಟಿಗೆ ಸೇರಿಸಿತು. ಹಿಡಿಯಲು ಬಿಡದ ಸಿಂಗಪುರದಲ್ಲಿ ಮಾತ್ರ ಇನ್ನೂ ಚೆನ್ನಾಗಿ ಹಾಡಿಕೊಂಡಿದೆ.

ಅಂದರೆ ವ್ಯತ್ಯಾಸ ಹಕ್ಕಿಗೂ ಗಿಡಕ್ಕೂ ಇರುವುದಲ್ಲ. ಇದ್ದಲ್ಲೇ ಅನುಭವಿಸುವುದಕ್ಕೂ ಕಿತ್ತು ಒಯ್ಯುವುದಕ್ಕೂ ಇರುವ ವ್ಯತ್ಯಾಸ ಇದು. ನಮ್ಮ ಸಿಳ್ಳಾರ ಸಾಮಾನ್ಯವಾಗಿ ಉಳಿದಿರುವುದಕ್ಕೆ ಅದರ ಜಾಣತನದ ಜೊತೆಗೆ ನಮ್ಮ ಅಭ್ಯಾಸವೂ ಕಾರಣ. ಅದನ್ನು ಪಂಜರದಲ್ಲಿಡುವ ಚಟ ನಮಗೆ ಅಂಟಲಿಲ್ಲ, ಅಷ್ಟೇ.

ಇನ್ನೊಂದು ದೊಡ್ಡ ವ್ಯತ್ಯಾಸ ಲೆಕ್ಕದ್ದು. ಹಕ್ಕಿಗಳನ್ನು ಎಣಿಸೋಕೆ ದೊಡ್ಡ ಸೈನ್ಯವೇ ಇದೆ. 2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ ತಯಾರಾದದ್ದು 30 ಸಾವಿರಕ್ಕೂ ಹೆಚ್ಚು ಹವ್ಯಾಸಿ ವೀಕ್ಷಕರು ಇ-ಬರ್ಡ್‌ಗೆ ಕೊಟ್ಟ ಸುಮಾರು 3 ಕೋಟಿ ದಾಖಲೆಗಳಿಂದ. 942 ಜಾತಿಗಳನ್ನು ಪರಿಶೀಲಿಸಿ, ಅದರಲ್ಲಿ 178ಕ್ಕೆ ತುರ್ತು ಗಮನ ಬೇಕು ಅಂತ ಹೇಳಿದರು. ನಾಳೆ ಸಿಳ್ಳಾರಕ್ಕೆ ಏನಾದರೂ ಆದರೆ, ಹಳ್ಳಗಳು ಮೌನವಾಗುವ ಮೊದಲೇ ಯಾರದೋ ಗ್ರಾಫ್ ಕೆಳಗಿಳಿಯುತ್ತೆ, ಯಾರೋ ಕೂಗುತ್ತಾರೆ.

ಸರ್ಪಗಂಧಕ್ಕೆ ಆ ಭಾಗ್ಯ ಇಲ್ಲ. ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ 1993ರಿಂದ ಔಷಧೀಯ ಸಸ್ಯಗಳ ಮೇಲೆ ಕೆಲಸ ಮಾಡುತ್ತಾ ಬಂದಿದೆ. ಅರಣ್ಯ ಇಲಾಖೆಯ ಜೊತೆ ಸೇರಿ ಆಗುಂಬೆ, ಚಾರ್ಮಾಡಿ, ಸಾವನದುರ್ಗದಂಥ ಕಡೆ ಔಷಧೀಯ ಸಸ್ಯಗಳಿಗೆಂದೇ ಕಾಡಿನ ತುಂಡುಗಳನ್ನು ಗುರುತಿಸಿ ಕಾಪಾಡುವ ಕೆಲಸ ನಡೆದಿದೆ. ತಜ್ಞರು ಕೂತು ಚರ್ಚಿಸಿ ಕರ್ನಾಟಕದ ಮಟ್ಟಿಗೆ ಸರ್ಪಗಂಧ ಅಳಿವಿನ ಅಪಾಯದಲ್ಲಿದೆ ಅಂತ ಹೇಳಿದ್ದಾರೆ. ಆದರೆ ಪ್ರತಿ ವಾರ ದುರ್ಬೀನು ಹಿಡಿದು ಹೋಗುವ 30 ಸಾವಿರ ಜನ ಇದಕ್ಕಿಲ್ಲ. ವಾಂಡರ್ಸೀ ಮತ್ತು ಶುಸ್ಲರ್ ಎಂಬ ಇಬ್ಬರು ಅಮೆರಿಕನ್ ಸಸ್ಯಶಾಸ್ತ್ರ ಶಿಕ್ಷಕರು 1999ರಲ್ಲಿ ಇದಕ್ಕೊಂದು ಹೆಸರು ಕೊಟ್ಟರು. ಕನ್ನಡದಲ್ಲಿ ‘ಸಸ್ಯಗುರುಡು’ ಅನ್ನಬಹುದೇನೋ. ಕಣ್ಣೆದುರಿಗಿದ್ದರೂ ಗಿಡ ಕಾಣದಿರುವುದು, ಕಂಡರೂ ಅದು ಬರೀ ‘ಹಸಿರು ಹಿನ್ನೆಲೆ’ಯಾಗಿ ಕಾಣುವುದು.

ಕಾನೂನಿಗೂ ಈ ಕುರುಡು ಇತ್ತು ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಅದರ ಪಟ್ಟಿಗಳಲ್ಲಿ ಪ್ರಾಣಿ-ಪಕ್ಷಿಗಳಿದ್ದವು, ಗಿಡಗಳಿರಲಿಲ್ಲ. ಗಿಡಗಳಿಗೆ ಜಾಗ ಸಿಕ್ಕಿದ್ದು 1991ರ ತಿದ್ದುಪಡಿಯಲ್ಲಿ. ಅದೂ ಇಡೀ ದೇಶಕ್ಕೆ ಆರೇ ಆರು ನಮೂದು. ಸರ್ಪಗಂಧ ಆ ಆರರಲ್ಲಿ ಇರಲಿಲ್ಲ. ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿದ್ದರಿಂದ ಬೇರು ಗಡಿ ದಾಟುವುದಕ್ಕೆ ಪರವಾನಗಿ ಬೇಕು. ಆದರೆ ಅಂಗಡಿಗೆ ಸಿದ್ಧವಾಗಿ ಪ್ಯಾಕ್ ಆದ ಮಾತ್ರೆಗೆ ಅದರಿಂದ ವಿನಾಯಿತಿ. ಡಬ್ಬಿಯೊಳಗೆ ಹೋದ ಮೇಲೆ ಗಿಡ ಗಿಡವಲ್ಲ!

ಈಗ ನಮ್ಮ ನಿಮ್ಮ ವಿಷಯ. ಈ ಬರಹ ಬರೆಯೋಕೆ ಕೂತ ನಿಜವಾದ ಕಾರಣ ಇದೇ.

ಕಳೆದ ಮಳೆಗಾಲದ ಕೊನೆಗೆ ಗೆಳೆಯರ ಜೊತೆ ಘಟ್ಟದ ಕಡೆ ಹೋಗಿದ್ದೆ. ದಾರಿ ತೋರಿಸೋಕೆ ಬಂದಿದ್ದ ಊರಿನ ಹಿರಿಯರೊಬ್ಬರು ಸಿಳ್ಳಾರ ಎಲ್ಲೆಲ್ಲಿ ಕೂರುತ್ತೆ ಅಂತ ಉತ್ಸಾಹದಿಂದ ಒಂದೊಂದೇ ಕಲ್ಲು ತೋರಿಸಿದರು. ಫೋಟೋ ತೆಗೀರಿ, ಎಲ್ಲರಿಗೂ ಹೇಳಿ ಅಂದರು. ಸ್ವಲ್ಪ ಮುಂದೆ ಹೋದ ಮೇಲೆ ಒಂದು ಕಡೆ ನಿಂತು, ದನಿ ತಗ್ಗಿಸಿ, "ಇದು ಸೂತ್ರನಾಭಿ" ಅಂದರು. ನಾಲ್ಕೈದು ಗಿಡ ಇದ್ದವು. ನಾನು ಕ್ಯಾಮೆರಾ ತೆಗೆದಾಗ, "ಫೋಟೋ ಬೇಕಾದ್ರೆ ತೆಗೀರಿ, ಜಾಗದ ಹೆಸರು ಮಾತ್ರ ಬರೀಬೇಡಿ" ಅಂತ ಅಂದರು. ಯಾಕೆ ಅಂತ ಕೇಳಿದ್ದಕ್ಕೆ ಅಲ್ಲೇ ಪಕ್ಕದಲ್ಲಿ ಅಗೆದು ಬಿಟ್ಟಿದ್ದ ಗುಂಡಿಗಳನ್ನು ತೋರಿಸಿದರು.

ಒಂದೇ ದಾರಿಯಲ್ಲಿ ಎರಡು ನಿಯಮ. ಹಕ್ಕಿಯ ಜಾಗ ಹೇಳಿದರೆ ಹಕ್ಕಿಗೆ ಲಾಭ: ಇನ್ನಷ್ಟು ಕಣ್ಣು, ಇನ್ನಷ್ಟು ದಾಖಲೆ. ಗಿಡದ ಜಾಗ ಹೇಳಿದರೆ ಗಿಡಕ್ಕೆ ಸಾವು.

ಮಾಹಿತಿ ಎಲ್ಲರಿಗೂ ಮುಕ್ತವಾಗಿರಬೇಕು ಅಂತ ವಾದಿಸುವ ಗುಂಪಿನವನು ನಾನು. ಓಪನ್ ಸೋರ್ಸ್, ಓಪನ್ ಡೇಟಾ ಅಂದರೆ ಜೀವ. ಆದರೆ ಮುಕ್ತವಾಗಿರುವುದು ಅಂದರೆ ಎಲ್ಲವನ್ನೂ ಎಲ್ಲರಿಗೂ ಹೇಳುವುದಲ್ಲ. ಪಾಸ್‌ವರ್ಡನ್ನು ಯಾವ ಓಪನ್ ಸೋರ್ಸ್ ಪ್ರಾಜೆಕ್ಟೂ ಪಬ್ಲಿಕ್ ಆಗಿ ಹಾಕಲ್ಲ. ಐ-ನ್ಯಾಚುರಲಿಸ್ಟ್‌ನವರು ಅಪಾಯದಲ್ಲಿರುವ ಜೀವಿಗಳ ನಿಖರ ಜಾಗವನ್ನು ತಾವಾಗಿಯೇ ಮಸುಕು ಮಾಡ್ತಾರೆ. ಇ-ಬರ್ಡ್ ಕೂಡ ಬೇಟೆಗಾರರ ಕಣ್ಣಿರುವ ಕೆಲವು ಹಕ್ಕಿಗಳ ಜಾಗ ಮುಚ್ಚಿಡುತ್ತೆ. ಬ್ಲಾಗು ಬರೆಯುವ ನಮಗೆ ಅಂಥ ಯಂತ್ರ ಇಲ್ಲ, ನಾವೇ ಯೋಚಿಸಬೇಕು. ಟ್ರೆಕ್ಕಿಂಗ್ ಬರಹದಲ್ಲಿ ‘ಇಂಥ ಊರಿನಿಂದ ಮೂರು ಕಿಲೋಮೀಟರ್, ದೊಡ್ಡ ಬಂಡೆಯ ಎಡಕ್ಕೆ’ ಅಂತ ಬರೆದು ಕೆಳಗೆ ಅಪರೂಪದ ಗಿಡದ ಫೋಟೋ ಹಾಕುವುದು ನೋಡಿದ್ದೇನೆ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಬರೆಯುವುದೂ ಬೇಡ, ಫೋಟೋದೊಳಗೇ ಜಿಪಿಎಸ್ ಅಂಕಿ ಕೂತಿರುತ್ತೆ. ಬರೆದವರ ಉದ್ದೇಶ ಒಳ್ಳೆಯದೇ. ಓದುವವರೆಲ್ಲರ ಉದ್ದೇಶಕ್ಕೆ ಯಾರು ಜವಾಬ್ದಾರಿ?

"ಮುಚ್ಚಿಟ್ಟರೆ ಗಿಡ ಇನ್ನಷ್ಟು ಅಪರಿಚಿತ ಆಗಲ್ವಾ? ಈಗಷ್ಟೇ ಸಸ್ಯಗುರುಡು ಅಂತ ಭಾಷಣ ಬಿಗಿದೆಯಲ್ಲ" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ: ಮುಚ್ಚಿಡಬೇಕಾದ್ದು ಜಾಗವನ್ನು, ಗಿಡವನ್ನಲ್ಲ. ಅದರ ಹೂ ಹೇಗಿದೆ, ಎಲೆ ಎಷ್ಟು, ಕತೆ ಏನು, ನಿಮ್ಮೂರಿನಲ್ಲಿ ಏನಂತ ಕರೀತಾರೆ, ಇದನ್ನೆಲ್ಲಾ ಧಾರಾಳವಾಗಿ ಬರೆಯೋಣ. ಕನ್ನಡದಲ್ಲಿ ಹುಡುಕಿದವರಿಗೆ ಸಿಗಲಿ. ಗುಂಡಿ ತೋಡುವವನಿಗೆ ಬೇಕಾಗಿರೋದು ಕತೆ ಅಲ್ಲ, ವಿಳಾಸ.

ಜೊತೆಗೆ ಇನ್ನೂ ಎರಡು ಕೆಲಸ ನಮ್ಮ ಕೈಲಾಗುತ್ತೆ. ಒಂದು, ಸರ್ಪಗಂಧ ಇರುವ ಔಷಧಿ ಕೊಳ್ಳುವವರು ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳುವುದು: ಇದು ಬೆಳೆದದ್ದೋ, ಕಾಡಿನದೋ? ಉತ್ತರ ಗೊತ್ತಿರಲಿಕ್ಕಿಲ್ಲ, ಆದರೆ ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಹುಡುಕಿಡುತ್ತಾರೆ. 2000ದಲ್ಲಿ ಶುರುವಾದ ರಾಷ್ಟ್ರೀಯ ಔಷಧೀಯ ಸಸ್ಯ ಮಂಡಳಿಯ ಉದ್ದೇಶಗಳಲ್ಲೊಂದು ಇಂಥ ಗಿಡಗಳ ಕೃಷಿಗೆ ಉತ್ತೇಜನ ಕೊಡುವುದೇ. ಬೆಳೆದ ಬೇರು ಸಾಕಷ್ಟು ಸಿಕ್ಕರೆ ಕಾಡಿನ ಬೇರಿಗೆ ಬೆಲೆ ಇಳಿಯುತ್ತೆ. ಎರಡು, ಊರಲ್ಲಿ ತೋಟ, ಹಿತ್ತಲು ಇರುವವರು ನರ್ಸರಿಯಿಂದ ಒಂದೆರಡು ಸಸಿ ತಂದು ಅರೆನೆರಳಲ್ಲಿ ನೆಡುವುದು. ಕಾಡಿನಿಂದ ಕಿತ್ತು ತರುವುದಲ್ಲ, ದಯವಿಟ್ಟು. ಬೀಜ ಕೈಕೊಟ್ಟರೂ ಬೇರಿನ ತುಂಡಿನಿಂದ, ಕಾಂಡದಿಂದ ಸಸಿ ಮಾಡಬಹುದು. ನೆಂಟರಾದ ಕಣಗಿಲೆ, ನಿತ್ಯಪುಷ್ಪಗಳ ಪಕ್ಕ ಇವಳಿಗೂ ಒಂದು ಜಾಗ ಸಿಗಲಿ. ಮತ್ತೆ ಒಂದು ಎಚ್ಚರಿಕೆ: ಬ್ಲಾಗ್ ಓದಿ ಯಾರೂ ಬೇರು ಅರೆದು ಕುಡಿಯೋಕೆ ಹೋಗಬೇಡಿ. ರಕ್ತದೊತ್ತಡ ವಿಪರೀತ ಇಳಿಸಬಲ್ಲ, ಮನಸ್ಸನ್ನು ಖಿನ್ನತೆಗೆ ತಳ್ಳಬಲ್ಲ ವಸ್ತು ಅದರಲ್ಲಿದೆ.

ಸಿಳ್ಳಾರ ತನ್ನ ಪಾಡಿಗೆ ತಾನು ಹಾಡಿಕೊಂಡು ತನ್ನ ವಕಾಲತ್ತನ್ನು ತಾನೇ ಮಾಡಿಕೊಳ್ಳುತ್ತೆ. ಸರ್ಪಗಂಧಕ್ಕೆ ಬಾಯಿಲ್ಲ. ಅದರ ಪರವಾಗಿ ಮಾತಾಡೋದು ನಮ್ಮ ಕೆಲಸ, ಅದರ ವಿಳಾಸದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದೂ ನಮ್ಮದೇ ಕೆಲಸ.

ನಿಮ್ಮ ಕಡೆ ಈ ಗಿಡಕ್ಕೆ ಏನಂತ ಕರೀತಾರೆ? ಅಜ್ಜ ಅಜ್ಜಿಯರು ಏನಾದರೂ ಕತೆ ಹೇಳಿದ್ದಾರಾ? ಕಾಮೆಂಟಿನಲ್ಲಿ ಬರೀರಿ. ಎಲ್ಲಿದೆ ಅಂತ ಮಾತ್ರ ಬರೀಬೇಡಿ :)